ಕೈಗೆ ತಕ್ಕ ಟೂಲ್: ಎಐ ಏಜೆಂಟ್‌ಗಳಿಗೆ ಏನು ಕೊಡಬೇಕು, ಹೇಗೆ ಕೊಡಬೇಕು

(ಎಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿಗಳು ಮತ್ತು ಹೊಸದಾಗಿ ಕೆಲಸಕ್ಕೆ ಸೇರಿದವರ ಮುಂದೆ ಮಾತಾಡಿದ್ದರ ಬರಹ ರೂಪ ಇದು. ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಆಯಾ ಜಾಗದಲ್ಲೇ ಇಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಒಂದು ಬಟನ್‌ನ ಕಥೆಯಿಂದ ಶುರು ಮಾಡುತ್ತೇನೆ.

ನಮ್ಮ ತಂಡ ನೋಡಿಕೊಳ್ಳುವ ಒಂದು ಮೊಬೈಲ್ ಆ್ಯಪ್ ಇದೆ. ಅದು ಕನ್ನಡದಲ್ಲೂ ಸಿಗುತ್ತದೆ. ಪರದೆಯ ಮೇಲೆ ಕಾಣುವ ಕನ್ನಡ ಮಾತುಗಳೆಲ್ಲ ಒಂದೇ ಫೈಲ್‌ನಲ್ಲಿವೆ, ಸುಮಾರು 900 ಸಾಲು. ಒಂದು ದಿನ ಒಂದು ಬಟನ್ ಮೇಲಿದ್ದ ‘ಹೊಸ ಖಾತೆ ತೆರೆಯಿರಿ’ ಎಂಬುದನ್ನು ‘ಹೊಸ ಖಾತೆ ಮಾಡಿ’ ಅಂತ ಬದಲಿಸಬೇಕಿತ್ತು. ಎರಡು ನಿಮಿಷದ ಕೆಲಸ. ಏಜೆಂಟ್‌ಗೆ, ಅಂದರೆ ಹೇಳಿದ ಕೆಲಸವನ್ನು ತಾನೇ ಹೆಜ್ಜೆ ಹೆಜ್ಜೆಯಾಗಿ ಮಾಡುವ ಎಐ ಪ್ರೋಗ್ರಾಂಗೆ, ಹೇಳಿದೆ.

ಅದು ಫೈಲ್ ಓದಿತು. ಸರಿಯಾದ ಸಾಲನ್ನೇ ಹುಡುಕಿತು. ತಿದ್ದುವ ಟೂಲ್‌ಗೆ ಹಳೆಯ ಮಾತು, ಹೊಸ ಮಾತು ಎರಡನ್ನೂ ಕೊಟ್ಟಿತು. ‘ಈ ಪಠ್ಯ ಫೈಲ್‌ನಲ್ಲಿ ಇಲ್ಲ’ ಅಂತ ಟೂಲ್ ಉತ್ತರಿಸಿತು. ಏಜೆಂಟ್ ಮತ್ತೆ ಓದಿತು, ಮತ್ತೆ ಅದನ್ನೇ ಕೊಟ್ಟಿತು, ಮತ್ತೆ ಅದೇ ಉತ್ತರ. ಏಳು ಸಲ ಹೀಗಾಯಿತು. ಎಂಟನೇ ಸಲಕ್ಕೆ ಅದು ತಿದ್ದುವ ಟೂಲ್ ಬಿಟ್ಟು, 900 ಸಾಲಿನ ಫೈಲನ್ನು ಪೂರ್ತಿ ಹೊಸದಾಗಿ ಬರೆದುಬಿಟ್ಟಿತು. ಬಟನ್ ಬದಲಾಯಿತು. ಜೊತೆಗೆ, ಯಾರೂ ಕೇಳದ ಇನ್ನೂ ಹನ್ನೊಂದು ಸಾಲುಗಳ ಮಾತೂ ಬದಲಾಗಿತ್ತು. ಅವುಗಳಲ್ಲಿ ಒಂದು, ಹಣ ಕಳಿಸುವ ಮುಂಚೆ ತೋರಿಸುವ ಎಚ್ಚರಿಕೆಯ ಸಾಲು.

ಆಗಿದ್ದೇನು ಗೊತ್ತಾ? ‘ಹೊಸ’ ಎಂಬುದರ ‘ಹೊ’ ನೋಡಿ. ಯೂನಿಕೋಡ್‌ನಲ್ಲಿ, ಅಂದರೆ ಕಂಪ್ಯೂಟರ್‌ಗಳು ಅಕ್ಷರಗಳಿಗೆ ಬಳಸುವ ಸಂಕೇತಗಳ ಕ್ರಮದಲ್ಲಿ, ಇದನ್ನು ಎರಡು ರೀತಿ ಬರೆಯಬಹುದು. ಹಕಾರದ ಮುಂದೆ ಒಕಾರದ ಗುರುತು ಒಂದೇ ಸಂಕೇತವಾಗಿ ಬರಬಹುದು. ಇಲ್ಲವೇ ಎಕಾರದ ಗುರುತು, ಊಕಾರದ ಗುರುತು ಎಂದು ಎರಡು ಸಂಕೇತಗಳಾಗಿ ಬರಬಹುದು. ಕಾಗುಣಿತ ಬರೆಯುವಾಗ ನಮ್ಮ ಕೈ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ‘ಹೋ’ ಆದರೆ ಅದರ ಓಕಾರದ ಗುರುತು ಮೂರು ಸಂಕೇತಗಳಾಗಿಯೂ ಒಡೆಯಬಹುದು. ನಮ್ಮ ಫೈಲ್‌ನ ಅರ್ಧ ಸಾಲುಗಳು ಯಾವುದೋ ಹಳೆಯ ಪರಿವರ್ತಕದಿಂದ ಬಂದಿದ್ದವು, ಬಿಡಿಬಿಡಿ ರೂಪದಲ್ಲಿದ್ದವು. ಏಜೆಂಟ್‌ನ ಒಳಗಿರುವ ಭಾಷಾ ಮಾಡೆಲ್ ಬರೆಯುವಾಗ ಕೂಡಿದ ರೂಪದಲ್ಲಿ ಬರೆಯಿತು. ತಿದ್ದುವ ಟೂಲ್ ಹೋಲಿಸಿದ್ದು ಸಂಕೇತಗಳನ್ನು. ಹಾಗಾಗಿ ಅದರ ಪಾಲಿಗೆ ಆ ಮಾತು ಫೈಲ್‌ನಲ್ಲಿ ಇರಲೇ ಇಲ್ಲ.

ತಂಡದಲ್ಲಿ ಇದನ್ನು ಹೇಳಿದಾಗ ಮೊದಲು ಬಂದ ಮಾತು, ‘ಈ ಮಾಡೆಲ್ ಸರಿ ಇಲ್ಲ, ಬೇರೆದು ಹಾಕೋಣ’ ಅಂತ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎನ್ನುವ ಗಾದೆ ನಮಗೆಲ್ಲ ಗೊತ್ತು. ಆದರೆ ಆ ದಿನ ನೆಲ ನಿಜವಾಗಿಯೂ ಡೊಂಕಾಗಿತ್ತು. ಇವತ್ತು ನಾನು ಮಾತಾಡುವುದು ಆ ನೆಲದ ಬಗ್ಗೆ. ಏಜೆಂಟ್‌ಗೆ ಮೊದಲೇ ಸಿದ್ಧ ಮಾಡಿ ಕೊಡುವ ಟೂಲ್‌ಗಳ ಬಗ್ಗೆ.

ಕೆಲವರಿಗೆ ಇದು ಹೊಸದಿರಬಹುದು, ಬೇಗ ಹೇಳಿಬಿಡುತ್ತೇನೆ. ಭಾಷಾ ಮಾಡೆಲ್‌ಗೆ ಬರುವುದು ಒಂದೇ ಕೆಲಸ: ಪಠ್ಯ ಬರೆಯುವುದು. ಅದಕ್ಕೆ ಫೈಲ್ ತೆರೆಯಲು ಬರುವುದಿಲ್ಲ, ಕೋಡ್ ಓಡಿಸಲು ಬರುವುದಿಲ್ಲ. ನಾವು ಮೊದಲೇ ಒಂದು ಪಟ್ಟಿ ಕೊಡುತ್ತೇವೆ. ಇಂಥ ಹೆಸರಿನ ಟೂಲ್ ಇದೆ, ಅದು ಇಂಥದ್ದು ಮಾಡುತ್ತದೆ, ಅದಕ್ಕೆ ಇಂಥ ವಿವರ ಬೇಕು ಅಂತ. ಮಾಡೆಲ್ ‘ಆ ಟೂಲನ್ನು ಈ ವಿವರದ ಜೊತೆ ಓಡಿಸಿ’ ಎಂದು ಬರೆಯುತ್ತದೆ. ಸುತ್ತ ಇರುವ ಮಾಮೂಲಿ ಪ್ರೋಗ್ರಾಂ ಅದನ್ನು ಓಡಿಸಿ, ಬಂದ ಫಲಿತಾಂಶವನ್ನು ಮತ್ತೆ ಮಾಡೆಲ್ ಮುಂದೆ ಇಡುತ್ತದೆ. ಕೆಲಸ ಮುಗಿಯುವ ತನಕ ಈ ಸುತ್ತು ನಡೆಯುತ್ತದೆ. ಯೋಚಿಸು, ಮಾಡು, ನೋಡು ಎಂಬ ಈ ಸುತ್ತನ್ನು 2022ರ ಅಕ್ಟೋಬರ್‌ನಲ್ಲಿ ಬಂದ ‘ರಿಯಾಕ್ಟ್’ ಎಂಬ ಪ್ರಬಂಧ ಚೆನ್ನಾಗಿ ತೋರಿಸಿಕೊಟ್ಟಿತು. 2023ರ ಜೂನ್‌ನಲ್ಲಿ ಓಪನ್‌ಎಐ ಕಂಪನಿ ತನ್ನ ಎಪಿಐನಲ್ಲಿ (ಬೇರೆ ಪ್ರೋಗ್ರಾಂಗಳು ಮಾಡೆಲ್ ಬಳಸುವ ದಾರಿ) ಹೀಗೆ ಟೂಲ್ ಕರೆಯುವ ‘ಫಂಕ್ಷನ್ ಕಾಲಿಂಗ್’ ಸೌಲಭ್ಯ ತಂದ ಮೇಲೆ ಎಲ್ಲರೂ ಇದನ್ನು ಬಳಸತೊಡಗಿದರು. ಏಜೆಂಟ್ ಅಂದರೆ ಇಷ್ಟೇ: ಮಾಡೆಲ್, ಒಂದು ಸುತ್ತು, ಕೆಲವು ಟೂಲ್‌ಗಳು.

ಇಲ್ಲಿ ಒಬ್ಬ ಹುಡುಗ ಕೈ ಎತ್ತಿದ. ‘ಮೇಡಂ, ಟರ್ಮಿನಲ್ ಒಂದು ಕೊಟ್ಟರೆ ಸಾಕಲ್ವಾ? ಓದೋಕೆ, ಹುಡುಕೋಕೆ, ತಿದ್ದೋಕೆ ಎಲ್ಲಕ್ಕೂ ಕಮಾಂಡ್ ಇದೆಯಲ್ಲ?’

ಒಳ್ಳೆಯ ಪ್ರಶ್ನೆ. ಟರ್ಮಿನಲ್ ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿ. ಆ ಕಮಾಂಡ್‌ಗಳನ್ನು ಓಡಿಸುವ ಪ್ರೋಗ್ರಾಂ ಶೆಲ್, ಬ್ಯಾಶ್ ಅಂಥದ್ದೊಂದು ಶೆಲ್. ಉತ್ತರಕ್ಕೆ ನಮ್ಮ ಮನೆಯ ಅಡುಗೆಕೋಣೆಗೆ ಹೋಗಬೇಕು. ನಮ್ಮ ಅಜ್ಜಿ ಈಳಿಗೆಮಣೆ ಮೇಲೆ ಒಂದು ಕಾಲು ಮಡಚಿ ಕೂತು, ಎರಡೂ ಕೈಯಲ್ಲಿ ತರಕಾರಿ ಹಿಡಿದು ಹೆಚ್ಚುತ್ತಿದ್ದರು. ಅಷ್ಟು ಬೇಗ ಹೆಚ್ಚುವವರನ್ನು ನಾನು ಇನ್ನೂ ನೋಡಿಲ್ಲ. ಆಮೇಲೆ ಮನೆಗೆ ಅಡುಗೆ ಕಟ್ಟೆ ಬಂತು. ಅಮ್ಮ ನಿಂತು ಹೆಚ್ಚತೊಡಗಿದರು. ಈಳಿಗೆಮಣೆ ಮೂಲೆ ಸೇರಿತು, ಚಾಕು ಬಂತು. ಈಳಿಗೆಯ ಹರಿತವೇನೂ ಕಡಿಮೆಯಾಗಿರಲಿಲ್ಲ. ಕೂತವರಿಗಾಗಿ ಮಾಡಿದ್ದು ನಿಂತವರಿಗೆ ಒಗ್ಗಲಿಲ್ಲ.

ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನಲ್ಲಿ ಪಠ್ಯ ಹುಡುಕುವ ಗ್ರೆಪ್, ತಿದ್ದುವ ಸೆಡ್ ಎಲ್ಲ 1970ರ ದಶಕದವು, ಇವತ್ತಿಗೂ ಅದ್ಭುತವಾದ ಸಾಮಾನುಗಳು. ಅವನ್ನು ಮಾಡಿದ್ದು ಕಣ್ಣಿರುವ ನಮಗಾಗಿ. 4000 ಸಾಲಿನ ಫೈಲ್ ಪರದೆ ಮೇಲೆ ಸರಸರ ಹರಿದರೆ ನಾವು ಕಣ್ಣಾಡಿಸಿ ಬೇಕಾದ ಕಡೆ ನಿಲ್ಲುತ್ತೇವೆ, ಉಳಿದದ್ದನ್ನು ಮರೆಯುತ್ತೇವೆ. ಮಾಡೆಲ್‌ಗೆ ಕಣ್ಣಾಡಿಸುವುದು ಅಂತ ಇಲ್ಲ. ಮುಂದಿಟ್ಟದ್ದೆಲ್ಲ ಅದರೊಳಗೆ ಹೋಗುತ್ತದೆ. ಅಷ್ಟೇ ಅಲ್ಲ, ಮುಂದಿನ ಪ್ರತಿ ಸುತ್ತಿನಲ್ಲೂ ಆ 4000 ಸಾಲು ಜೊತೆಗೇ ಬರುತ್ತದೆ. ಸಂದರ್ಭದ ಜಾಗ (ಮಾಡೆಲ್ ಒಂದು ಸಲಕ್ಕೆ ನೋಡಬಲ್ಲ ಪಠ್ಯದ ಮಿತಿ) ತುಂಬುತ್ತದೆ, ಬಿಲ್ ಏರುತ್ತದೆ, ಮುಖ್ಯವಾದ ಮಾತು ರಾಶಿಯಲ್ಲಿ ಹೂತು ಹೋಗುತ್ತದೆ.

ಇದನ್ನು ಅಳೆದು ನೋಡಿದವರು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು. 2023ರಲ್ಲಿ ‘ಸ್ವೀ-ಬೆಂಚ್’ ಎಂಬ ಪರೀಕ್ಷೆ ಬಂತು. ಅದರಲ್ಲಿ 12 ಪೈಥಾನ್ ಯೋಜನೆಗಳಿಂದ ತೆಗೆದ, ಕೋಡ್ ತಿದ್ದಿ ಬಗೆಹರಿಸಬೇಕಾದ 2294 ನಿಜವಾದ ತೊಂದರೆಗಳಿವೆ. ಮರುವರ್ಷ ಅದೇ ತಂಡ ‘ಸ್ವೀ-ಏಜೆಂಟ್’ ಮಾಡಿತು. ಕಣ್ಣಿರುವ ನಮಗೆ ಎಡಿಟರ್ ಇರುವ ಹಾಗೆ, ಮಾಡೆಲ್‌ಗೆ ತಕ್ಕ ಒಂದು ಕೆಲಸದ ಮೇಜು ಬೇಕು ಎಂಬುದು ಅವರ ಮಾತು. ಅಲ್ಲಿನ ಟೂಲ್‌ಗಳು ಬಹಳ ಸರಳ. ಫೈಲ್ ತೆರೆದರೆ ಒಂದು ಸಲಕ್ಕೆ 100 ಸಾಲು ಮಾತ್ರ ಕಾಣುತ್ತದೆ. ತಿದ್ದಿದಾಗ ಕೋಡ್‌ನ ವ್ಯಾಕರಣ ಕೆಟ್ಟರೆ, ಆ ತಿದ್ದುಪಡಿಯನ್ನೇ ಒಪ್ಪದೆ, ಏನು ತಪ್ಪಾಯಿತು ಅಂತ ಹೇಳುತ್ತದೆ.

300 ತೊಂದರೆಗಳ ಚಿಕ್ಕ ಗುಂಪಿನ ಮೇಲೆ, ಓಪನ್‌ಎಐನ ಜಿಪಿಟಿ-4 ಟರ್ಬೋ ಮಾಡೆಲ್ ಬಳಸಿ ನೋಡಿದರು. ಬರೀ ಶೆಲ್ ಕೊಟ್ಟಾಗ ಶೇಕಡಾ 11 ಬಗೆಹರಿಯಿತು. ಈ ಟೂಲ್‌ಗಳನ್ನು ಕೊಟ್ಟಾಗ ಶೇಕಡಾ 18. ಮಾಡೆಲ್ ಅದೇ! 100 ಸಾಲಿನ ಬದಲು ಪೂರ್ತಿ ಫೈಲ್ ತೋರಿಸಿದರೆ 18ರಿಂದ 12.7ಕ್ಕೆ ಇಳಿಯಿತು. ಬರೀ 30 ಸಾಲು ತೋರಿಸಿದರೂ ಇಳಿಯಿತು, 14.3ಕ್ಕೆ. ಜಾಸ್ತಿಯಾದರೂ ಕಷ್ಟ, ಕಡಿಮೆಯಾದರೂ ಕಷ್ಟ.

ನನ್ನನ್ನು ತುಂಬಾ ಯೋಚನೆಗೆ ಹಚ್ಚಿದ್ದು ಅದೇ ಪ್ರಬಂಧದ ಹುಡುಕಾಟದ ಅಂಕಿಗಳು. ಅವರು ಎರಡು ಬಗೆಯ ಹುಡುಕುವ ಟೂಲ್ ಮಾಡಿದ್ದರು. ಒಂದು, ನಮ್ಮ ಎಡಿಟರ್‌ಗಳಲ್ಲಿ ಇರುವಂಥದ್ದು: ಸಿಕ್ಕ ಜಾಗಗಳನ್ನು ಒಂದೊಂದಾಗಿ ತೋರಿಸುತ್ತದೆ, ‘ಮುಂದಿನದು’ ಅಂದರೆ ಮುಂದಿನದು ಬರುತ್ತದೆ. ಇನ್ನೊಂದು, ಸಿಕ್ಕಿದ್ದರ ಪಟ್ಟಿಯನ್ನು ಚಿಕ್ಕದಾಗಿ ಒಟ್ಟಿಗೇ ಕೊಡುತ್ತದೆ. 50ಕ್ಕಿಂತ ಜಾಸ್ತಿ ಸಿಕ್ಕರೆ ‘ಇನ್ನೂ ಖಚಿತವಾಗಿ ಹುಡುಕಿ’ ಅಂತ ಹೇಳುತ್ತದೆ. ಪಟ್ಟಿ ಕೊಡುವ ಟೂಲ್‌ನಿಂದ ಶೇಕಡಾ 18 ಬಂತು. ಹುಡುಕುವ ಟೂಲನ್ನೇ ಕೊಡದಿದ್ದಾಗ 15.7. ಒಂದೊಂದಾಗಿ ತೋರಿಸುವ ಟೂಲ್ ಕೊಟ್ಟಾಗ ಬರೀ 12!

ಕೊಡದೇ ಇದ್ದದ್ದಕ್ಕಿಂತ ಕೊಟ್ಟಿದ್ದೇ ಕೆಟ್ಟದಾಯಿತು. ಯಾಕೆ ಅಂದರೆ, ಏಜೆಂಟ್ ‘ಮುಂದಿನದು, ಮುಂದಿನದು’ ಅಂತ ಕೊನೆಯ ತನಕ ಹೋಗುತ್ತಿತ್ತು. ನಾವು ಎರಡು ನೋಡಿ ಬೇಸತ್ತು ಬಿಟ್ಟುಬಿಡುತ್ತೇವೆ. ಅದಕ್ಕೆ ಬೇಸರ ಇಲ್ಲ. ಖರ್ಚು ಮಾಡಬಹುದಾದ ಮಿತಿಯೆಲ್ಲ ನೋಡುವುದರಲ್ಲೇ ಮುಗಿದು ಹೋಗುತ್ತಿತ್ತು. ನಮಗೆ ಅನುಕೂಲವಾದ ಟೂಲ್ ಅದಕ್ಕೂ ಅನುಕೂಲವಾದೀತು ಅಂತ ಅಂದುಕೊಳ್ಳುವ ಮುಂಚೆ ಈ 12 ಎಂಬ ಅಂಕಿ ನನ್ನ ಕಣ್ಣ ಮುಂದೆ ಬರುತ್ತದೆ.

ಪ್ರಶ್ನೆ ಕೇಳಿದ ಹುಡುಗ ಅಷ್ಟಕ್ಕೆ ಬಿಡಲಿಲ್ಲ. ‘ಅದು 2024ರ ಮಾತು ಅಲ್ವಾ ಮೇಡಂ? ಅದೇ ತಂಡ ಆಮೇಲೆ ಬರೀ ಬ್ಯಾಶ್ ಕೊಟ್ಟು ಮಾಡಿದೆಯಲ್ಲ?’ ಅಂದ. ಓದಿಕೊಂಡು ಬಂದಿದ್ದ, ನನಗೆ ಖುಷಿಯಾಯಿತು. ಹೌದು. 2025ರಲ್ಲಿ ಅವರದೇ ‘ಮಿನಿ ಸ್ವೀ-ಏಜೆಂಟ್’ ಬಂತು. ಸುಮಾರು 100 ಸಾಲಿನ ಪೈಥಾನ್, ಟೂಲ್ ಅಂತ ಇರುವುದು ಶೆಲ್ ಒಂದೇ. ಹೊಸ ಮಾಡೆಲ್‌ಗಳ ಜೊತೆ ಅದು ಸ್ವೀ-ಬೆಂಚ್‌ನಿಂದ ಆರಿಸಿ ಪರಿಶೀಲಿಸಿದ 500 ತೊಂದರೆಗಳಲ್ಲಿ ಶೇಕಡಾ 65ರಷ್ಟು ಬಗೆಹರಿಸಿತು. ಪರೀಕ್ಷೆಯ ಗುಂಪು ಬೇರೆ, ಹಾಗಾಗಿ ಹಿಂದಿನ ಅಂಕಿಗಳ ಪಕ್ಕದಲ್ಲಿಟ್ಟು ನೋಡುವ ಹಾಗಿಲ್ಲ. ಆದರೂ ಇದನ್ನು ಮುಚ್ಚಿಟ್ಟು ಮಾತಾಡುವುದು ಸರಿಯಲ್ಲ. ಮಾಡೆಲ್‌ಗಳು ಶೆಲ್ ಬಳಸುವುದನ್ನು ಚೆನ್ನಾಗಿ ಕಲಿತಿವೆ. ಪರೀಕ್ಷೆಯಲ್ಲಿ ಅಂಕ ಗಳಿಸುವುದಷ್ಟೇ ಗುರಿಯಾದರೆ ಇವತ್ತು ಟರ್ಮಿನಲ್ ಒಂದೇ ಸಾಕಾಗಬಹುದು.

ಆದರೆ ನಮ್ಮ ಕೆಲಸ ಪರೀಕ್ಷೆಯ ಪೆಟ್ಟಿಗೆಯೊಳಗೆ ನಡೆಯುವುದಿಲ್ಲ. ನಮ್ಮದೇ ಲ್ಯಾಪ್‌ಟಾಪ್‌ನಲ್ಲಿ, ನಮ್ಮದೇ ಪಾಸ್‌ವರ್ಡ್‌ಗಳ ಪಕ್ಕದಲ್ಲಿ ನಡೆಯುತ್ತದೆ. ಸಿದ್ಧ ಟೂಲ್‌ಗಳು ಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ. ‘ಫೈಲ್ ಓದು’ ಎಂಬ ಟೂಲ್ ಓದುವುದನ್ನು ಬಿಟ್ಟು ಬೇರೇನೂ ಮಾಡಲಾರದು. ಅದನ್ನು ಈ ಫೋಲ್ಡರ್‌ಗೆ ಮಾತ್ರ ಅಂತ ಕಟ್ಟಿಹಾಕಿ, ಕೇಳದೇ ಓಡಿಸಲು ಬಿಡಬಹುದು. ‘ತಿದ್ದು’ ಎಂಬ ಟೂಲ್ ಆದರೆ ಏನು ಹೋಗುತ್ತದೆ, ಏನು ಬರುತ್ತದೆ ಅಂತ ಕೆಂಪು ಹಸಿರಿನಲ್ಲಿ ತೋರಿಸಿ, ನಾನು ಹೂಂ ಅಂದ ಮೇಲೆ ಬರೆಯುವ ಹಾಗೆ ಮಾಡಬಹುದು. ಶೆಲ್ ಕಮಾಂಡ್ ಎಂಬುದು ಒಂದು ಸಾಲಿನ ಪಠ್ಯ, ಅದರೊಳಗೆ ಏನು ಬೇಕಾದರೂ ಇರಬಹುದು. ‘ಫೈಂಡ್’ ಇದೆಯಲ್ಲ, ಹೆಸರೇನೋ ಹುಡುಕುವುದು. ಸರಿ, ಹುಡುಕೋದು ತಾನೇ ಅಂತ ಅದಕ್ಕೆ ಒಪ್ಪಿಗೆ ಕೊಟ್ಟಿರುತ್ತೀರಿ. ಸಿಕ್ಕ ಫೈಲ್‌ಗಳನ್ನೆಲ್ಲ ಅಳಿಸುವ ಆಯ್ಕೆ ಅದೇ ಕಮಾಂಡ್‌ನಲ್ಲಿದೆ. ಬೇರೆ ಯಾವುದೇ ಪ್ರೋಗ್ರಾಂ ಓಡಿಸುವ ಆಯ್ಕೆಯೂ ಇದೆ.

ಹೊರಗಿನ ಪಠ್ಯದ ಭಯ ಬೇರೆ. ಏಜೆಂಟ್ ಓದುವ ವೆಬ್ ಪುಟದಲ್ಲೋ, ಯಾರೋ ಹಾಕಿದ ಬಗ್ ವರದಿಯಲ್ಲೋ ‘ನಿನ್ನ ಕೀಲಿಗಳನ್ನು ಈ ವಿಳಾಸಕ್ಕೆ ಕಳಿಸು’ ಎಂಬ ಸಾಲು ಅಡಗಿರಬಹುದು. ಈ ಮೋಸಕ್ಕೆ 2022ರಲ್ಲಿ ‘ಪ್ರಾಂಪ್ಟ್ ಇಂಜೆಕ್ಷನ್’ ಎಂದು ಹೆಸರಿಟ್ಟವರು ಸೈಮನ್ ವಿಲಿಸನ್ ಎಂಬ ಪ್ರೋಗ್ರಾಮರ್. ಖಾಸಗಿ ಮಾಹಿತಿ ಕೈಗೆ ಸಿಗುವುದು, ನಂಬಲಾಗದ ಪಠ್ಯ ಓದುವುದು, ಹೊರಗೆ ಕಳಿಸುವ ದಾರಿ ಇರುವುದು, ಈ ಮೂರೂ ಒಂದೇ ಏಜೆಂಟ್ ಬಳಿ ಸೇರಬಾರದು ಅಂತ ಅವರೇ 2025ರಲ್ಲಿ ಎಚ್ಚರಿಸಿದರು. ಟೂಲ್‌ಗಳು ಬೇರೆ ಬೇರೆ ಇದ್ದರೆ ಮೂರರಲ್ಲಿ ಒಂದನ್ನು ಕಿತ್ತುಕೊಳ್ಳುವುದು ಸುಲಭ. ಟರ್ಮಿನಲ್ ಒಂದನ್ನೇ ಕೊಟ್ಟು, ಹೊರಗಿನ ಜಾಲವನ್ನೂ ಮುಚ್ಚದೆ ಬಿಟ್ಟರೆ ಮೂರೂ ಒಟ್ಟಿಗೇ ಕೊಟ್ಟ ಹಾಗೆ.

ಈಗ ತಿದ್ದುವ ಟೂಲ್‌ಗೆ ವಾಪಸ್ ಬರುತ್ತೇನೆ. ನನಗೆ ಎಲ್ಲಕ್ಕಿಂತ ಇಷ್ಟವಾದ ಟೂಲ್ ಅದು. ಮೊದಮೊದಲು ಜನ ಸಾಲಿನ ಸಂಖ್ಯೆ ಕೊಟ್ಟು ತಿದ್ದಿಸುತ್ತಿದ್ದರು, ‘40ರಿಂದ 52ನೇ ಸಾಲು ಬದಲಿಸು’ ಅಂತ. ಮೇಲೆ ಎರಡು ಸಾಲು ಸೇರಿದರೆ ಕೆಳಗಿನ ಲೆಕ್ಕವೆಲ್ಲ ತಪ್ಪುತ್ತದೆ. ಹಾಗಾಗಿ ಈಗ ಬಹಳಷ್ಟು ಕಡೆ, 2025ರ ಫೆಬ್ರವರಿಯಲ್ಲಿ ಬಂದ ಕ್ಲಾಡ್ ಕೋಡ್ ಎಂಬ ಕೋಡ್ ಬರೆಯುವ ಏಜೆಂಟ್‌ನಲ್ಲೂ, ಬೇರೆ ದಾರಿ ಹಿಡಿದಿದ್ದಾರೆ. ಹಳೆಯ ಪಠ್ಯ ಕೊಡು, ಹೊಸ ಪಠ್ಯ ಕೊಡು. ಹಳೆಯದು ಫೈಲ್‌ನಲ್ಲಿ ಒಂದೇ ಕಡೆ ಇರಬೇಕು. ಎರಡು ಕಡೆ ಇದ್ದರೆ ಟೂಲ್ ಒಪ್ಪುವುದಿಲ್ಲ, ಸುತ್ತಲಿನ ಸಾಲುಗಳನ್ನೂ ಸೇರಿಸಿ ಕೊಡು ಅನ್ನುತ್ತದೆ. ಫೈಲನ್ನು ಮೊದಲು ಓದದೆ ತಿದ್ದಲು ಹೋದರೆ ಅದನ್ನೂ ತಡೆಯುತ್ತದೆ. ಮಾಡೆಲ್‌ಗೆ ‘ಜಾಗ್ರತೆಯಾಗಿರು’ ಅಂತ ಹತ್ತು ಸಲ ಬರೆಯುವ ಬದಲು, ಜಾಗ್ರತೆ ತಪ್ಪಿದರೆ ಮುಂದೆ ಹೋಗಲಾಗದ ಹಾಗೆ ಟೂಲನ್ನೇ ಮಾಡಿದ್ದಾರೆ.

ಕ್ಲಾಡ್ ಮಾಡುವ ಎಐ ಕಂಪನಿ ಆಂತ್ರೋಪಿಕ್‌ನ ಎಂಜಿನಿಯರ್‌ಗಳು 2024ರ ಡಿಸೆಂಬರ್‌ನಲ್ಲಿ ಇಂಥದ್ದೇ ಒಂದು ಅನುಭವ ಬರೆದಿದ್ದರು. ಏಜೆಂಟ್ ಬೇರೆ ಫೋಲ್ಡರ್‌ಗೆ ಹೋದ ಮೇಲೆ ಫೈಲ್‌ನ ದಾರಿ ತಪ್ಪಾಗಿ ಕೊಡುತ್ತಿತ್ತಂತೆ. ಮೂಲದಿಂದ ಪೂರ್ತಿ ದಾರಿ ಕೊಟ್ಟರೆ ಮಾತ್ರ ಟೂಲ್ ಒಪ್ಪುವ ಹಾಗೆ ಮಾಡಿದರು, ತಪ್ಪು ನಿಂತಿತು. ಮಾಡೆಲ್‌ಗೆ ಬರೆದು ಕೊಡುವ ಸೂಚನೆ, ಅಂದರೆ ಒಟ್ಟು ಪ್ರಾಂಪ್ಟ್‌ಗಿಂತ ಟೂಲ್‌ಗಳನ್ನು ಸರಿ ಮಾಡಲು ಜಾಸ್ತಿ ಹೊತ್ತು ಕಳೆದೆವು ಅಂತಲೂ ಅವರು ಹೇಳಿದ್ದಾರೆ. ನನ್ನ ಅನುಭವವೂ ಅದೇ.

ನಮ್ಮ ‘ಹೊಸ’ದ ತೊಂದರೆಗೆ ನಾನು ಮಾಡಿದ್ದು ಎರಡು ಕೆಲಸ. ಹೋಲಿಸುವಾಗ ಎರಡೂ ಕಡೆಯ ಪಠ್ಯವನ್ನು ಒಂದೇ ರೂಪಕ್ಕೆ ತಂದು ಹೋಲಿಸುವುದು. ಯೂನಿಕೋಡ್‌ನಲ್ಲೇ ಇದಕ್ಕೆ ಎನ್‌ಎಫ್‌ಸಿ ಎಂಬ ಕ್ರಮ ಇದೆ. ಬರೆಯುವಾಗ ಆ ಒಂದು ಸಾಲನ್ನು ಮಾತ್ರ ಮುಟ್ಟಬೇಕು. ಎರಡನೆಯದು ದೊಡ್ಡದು ಅಂತ ನನ್ನ ಭಾವನೆ: ಟೂಲ್ ಆಡುವ ಮಾತನ್ನು ಬದಲಿಸಿದೆ. ‘ಈ ಪಠ್ಯ ಇಲ್ಲ’ ಎಂಬ ಉತ್ತರದಿಂದ ಯಾರು ಏನು ಕಲಿಯಲು ಸಾಧ್ಯ? ಹಾಗೆ ಹೋಲಿಸಿದರೂ ಸಿಗದಿದ್ದರೆ ಈಗ ಅದು ‘214ನೇ ಸಾಲಿನಲ್ಲಿ ಇದೇ ಥರ ಕಾಣುವ ಪಠ್ಯ ಇದೆ, ಸಂಕೇತಗಳು ಬೇರೆ, ಅದೇ ಬೇಕಿದ್ದರೆ ಸಾಲಿನ ಸಂಖ್ಯೆಯನ್ನೂ ಕೊಡಿ’ ಅನ್ನುತ್ತದೆ. ಪದದ ಕೊನೆಯಲ್ಲಿ ಕಣ್ಣಿಗೆ ಕಾಣದೆ ಕೂತಿರುವ ಜೋಡಣೆ ತಡೆಯುವ ಸಂಕೇತ ಇದ್ದರೆ ಅದನ್ನೂ ಹೇಳುತ್ತದೆ. ಕನ್ನಡದಲ್ಲಿ ಟೈಪ್ ಮಾಡುವವರಿಗೆಲ್ಲ ಅದರ ಕಾಟ ಗೊತ್ತು.

ಇನ್ನೊಂದು ಮಾತು, ಕನ್ನಡ ಪಠ್ಯದ ಜೊತೆ ಕೆಲಸ ಮಾಡುವವರಿಗೆ. ಟೂಲ್‌ಗಳು ಉದ್ದದ ಫಲಿತಾಂಶವನ್ನು ಕತ್ತರಿಸುತ್ತವೆ. ಬೈಟ್ ಲೆಕ್ಕದಲ್ಲಿ ಕತ್ತರಿಸಿದರೆ ನಮ್ಮ ಅಕ್ಷರ ಒಡೆಯುತ್ತದೆ. ಸಂಕೇತಗಳನ್ನು ಬೈಟ್‌ಗಳಾಗಿ ಇಡುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದು ಸಂಕೇತಕ್ಕೆ 3 ಬೈಟ್. ‘ಕ್ಷ’ ಎಂಬ ಒಂದು ಅಕ್ಷರಕ್ಕೆ 3 ಸಂಕೇತ, 9 ಬೈಟ್. ನಡುವೆ ಕತ್ತರಿ ಬಿದ್ದರೆ ಒತ್ತಕ್ಷರ ಹೋಗಿ ಬೇರೆಯೇ ಪದ ಉಳಿಯುತ್ತದೆ, ಮಾಡೆಲ್ ಅದನ್ನೇ ನಿಜ ಅಂತ ನಂಬುತ್ತದೆ. ಸಾಲಿನ ಕೊನೆಯಲ್ಲಿ ಕತ್ತರಿಸಿ. ಇಂಥ ತೊಂದರೆಗಳನ್ನು ಇಂಗ್ಲಿಷ್‌ನಲ್ಲಿ ಕೆಲಸ ಮಾಡುವವರು ಎದುರಿಸುವುದೇ ಕಡಿಮೆ. ನಾವು ಸರಿ ಮಾಡದಿದ್ದರೆ ಬೇರೆ ಯಾರು ಮಾಡುತ್ತಾರೆ ಹೇಳಿ?

ಎಂಸಿಪಿ (ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್) ಬಗ್ಗೆ ಒಬ್ಬರು ಕೇಳಿದರು. 2024ರ ನವೆಂಬರ್‌ನಲ್ಲಿ ಆಂತ್ರೋಪಿಕ್ ಹೊರತಂದ ಮುಕ್ತ ಕ್ರಮ ಅದು. ಒಮ್ಮೆ ಬರೆದ ಟೂಲ್ ಎಲ್ಲ ಏಜೆಂಟ್‌ಗಳಿಗೂ ಹೊಂದಲಿ ಎಂಬುದು ಉದ್ದೇಶ. ಮೈಕ್ರೋಸಾಫ್ಟ್ 2016ರಲ್ಲಿ ಭಾಷೆ ಮತ್ತು ಎಡಿಟರ್‌ಗಳ ನಡುವೆ ಇಂಥದ್ದೇ ಕ್ರಮ ತಂದಿತ್ತು, ಅದರ ದಾರಿಯಲ್ಲೇ ಇದು ನಡೆದಿದೆ. ಒಳ್ಳೆಯದೇ. ಆದರೆ ಸುಲಭವಾಗಿ ಸಿಗುತ್ತದೆ ಅಂತ ಟೂಲ್ ಒದಗಿಸುವ ಹತ್ತು ಸರ್ವರ್ ಜೋಡಿಸಿ ಎಂಬತ್ತು ಟೂಲ್ ತುಂಬಿದರೆ, ಕೆಲಸ ಶುರುವಾಗುವ ಮುಂಚೆಯೇ ಅವುಗಳ ವಿವರಣೆಯೇ ಜಾಗ ತಿನ್ನಬಹುದು. ‘ಹುಡುಕು’ ಎಂಬ ಹೆಸರಿನವೇ ನಾಲ್ಕಿದ್ದರೆ ಯಾವುದನ್ನು ಬಳಸಬೇಕೆಂದು ನಿಮಗೇ ಗೊತ್ತಾಗುವುದಿಲ್ಲ. ನಿಮಗೆ ಗೊತ್ತಾಗದಿದ್ದರೆ ಅದಕ್ಕೂ ಗೊತ್ತಾಗುವುದಿಲ್ಲ.

ನಾವು ನಮಗಾಗಿಯೇ ಬರೆದುಕೊಂಡ ಟೂಲ್ ಒಂದೇ ಒಂದು: ಕೋಡ್ ಸರಿ ಇದೆಯೇ ಅಂತ ನೋಡುವ ಟೆಸ್ಟ್‌ಗಳನ್ನು ಓಡಿಸುವುದು. ನಮ್ಮ ಟೆಸ್ಟ್‌ಗಳು ಓಡಿದರೆ ಸಾವಿರಾರು ಸಾಲು ಬರುತ್ತದೆ. ಟೂಲ್ ಅದನ್ನೆಲ್ಲ ಒಂದು ಫೈಲ್‌ಗೆ ಹಾಕಿ, ಎಷ್ಟು ಪಾಸ್, ಎಷ್ಟು ಫೇಲ್, ಮೊದಲ ಮೂರು ಸೋಲುಗಳು ಯಾವ ಫೈಲ್‌ನ ಯಾವ ಸಾಲಿನಲ್ಲಿ ಅಂತ ಹೇಳುತ್ತದೆ. ಪೂರ್ತಿ ಬೇಕಿದ್ದರೆ ಎಲ್ಲಿದೆ ಅಂತಲೂ ಹೇಳುತ್ತದೆ. ಐದು ನಿಮಿಷ ಮೀರಿದರೆ ನಿಲ್ಲಿಸುತ್ತದೆ. ಯಾವುದಾದರೂ ಪ್ರೋಗ್ರಾಂ ‘ಹೌದೋ ಅಲ್ಲವೋ’ ಅಂತ ಕೇಳಿ ಕಾಯುತ್ತಾ ಕೂತರೆ, ಏಜೆಂಟ್ ಕೂಡ ಕಾಯುತ್ತಾ ಕೂರುತ್ತಿತ್ತು. ಈಗ ಹಾಗಾಗುವುದಿಲ್ಲ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಲ್ಲಿ ಕೂತಿದ್ದ ಹುಡುಗಿಯದು. ‘ಮೇಡಂ, ನಮ್ಮ ಪ್ರಾಜೆಕ್ಟ್‌ಗೆ ಯಾವ ಟೂಲ್ ಮೊದಲು ಬರೆಯಬೇಕು?’

ಮೊದಲು ಏನೂ ಬರೆಯಬೇಡಮ್ಮ ಅಂದೆ. ಸಿಗುವ ಟೂಲ್‌ಗಳಲ್ಲೇ ಒಂದು ವಾರ ಕೆಲಸ ಮಾಡಿಸು. ಅದು ನಡೆದ ದಾರಿಯ ದಾಖಲೆ ಇರುತ್ತದಲ್ಲ, ಅದನ್ನು ಕೂತು ಓದು. ನಾನು ಆ ಬಟನ್‌ನ ದಾಖಲೆ ಓದದೇ ಇದ್ದಿದ್ದರೆ ಏಳು ಸಲ ಒಂದೇ ಉತ್ತರ ಬಂದದ್ದು ಗೊತ್ತೇ ಆಗುತ್ತಿರಲಿಲ್ಲ. ಎಲ್ಲಿ ಅದು ಒಂದೇ ಕೆಲಸವನ್ನು ಮೂರು ಸಲ ಮಾಡಿದೆ, ಎಲ್ಲಿ ಬಂದ ಉತ್ತರ ನೋಡಿ ದಿಕ್ಕು ತಪ್ಪಿದೆ ಅಂತ ಗುರುತು ಹಾಕು. ಎಷ್ಟೋ ಸಲ ಹೊಸ ಟೂಲ್ ಬೇಕಾಗುವುದಿಲ್ಲ, ಇರುವುದರ ಎರಡು ಸಾಲು ವಿವರಣೆ ಬದಲಿಸಿದರೆ ಆಗಿಹೋಗುತ್ತದೆ.

ಟೂಲ್ ಸರಿ ಮಾಡಿದ ಮೇಲೆ ಅದೇ ಬಟನ್‌ನ ಕೆಲಸವನ್ನು ಅದೇ ಮಾಡೆಲ್‌ಗೆ ಮತ್ತೆ ಕೊಟ್ಟೆ. ಒಂದೇ ಸಲಕ್ಕೆ ಮುಗಿಯಿತು, ಬದಲಾದದ್ದು ಒಂದೇ ಸಾಲು. ಫೈಲ್‌ನ ಉಳಿದ ಹಳೆಯ ಸಾಲುಗಳು ಇನ್ನೂ ಬಿಡಿಬಿಡಿ ರೂಪದಲ್ಲೇ ಇವೆ. ಅವನ್ನೆಲ್ಲ ಒಂದೇ ರೂಪಕ್ಕೆ ತರುವ ಕೆಲಸ ಮುಂದಿನ ವಾರ ಇದೆ. ಅದಕ್ಕೆ ಏಜೆಂಟ್ ಬೇಡ, ನಾಲ್ಕು ಸಾಲಿನ ಪೈಥಾನ್ ಸಾಕು.